ಕೆಂಪು ಕಲ್ಲಿನಿಂದ ಕರಿಕಲ್ಲಿಗೆ: ಬಾದಾಮಿ–ವಿಜಯಪುರ ದಾರಿಯ ಒಂದು ಹಗಲು

ಮೈಸೂರಿನಿಂದ ಹೊರಟು ಬೀದರನ್ನು ಮುಟ್ಟಿ, ಹಿಂದಿರುಗುವಾಗ ಕರಾವಳಿಯ ದಾರಿ ಹಿಡಿಯಬೇಕೆಂದು ಡಿಸೆಂಬರಿನಲ್ಲಿ ಒಬ್ಬನೇ ಕೈಗೊಂಡ ಬೈಕ್ ಪ್ರವಾಸದಲ್ಲಿ, ಬಾದಾಮಿಯಿಂದ ವಿಜಯಪುರಕ್ಕೆ ಹೋದ ಹಗಲನ್ನು ಉಳಿದ ದಿನಗಳಿಗಿಂತ ವಿವರವಾಗಿ ಬರೆಯಬೇಕೆನಿಸಿದೆ. ದೂರ ಹೆಚ್ಚೇನಲ್ಲ. ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಕೂಡಲಸಂಗಮ, ನಿಡಗುಂದಿ, ಮನಗೂಳಿ ಎಂದು ಸುತ್ತಿ ಬಳಸಿ ಹೋದರೂ ಇನ್ನೂರು ಕಿಲೋಮೀಟರಿನ ಒಳಗೇ ಮುಗಿಯುತ್ತದೆ. ಆದರೆ ಅಷ್ಟು ದೂರದೊಳಗೆ ನೆಲದ ಕಲ್ಲು ಬದಲಾಗುತ್ತದೆ, ಕಲ್ಲಿನೊಡನೆ ಮಣ್ಣು ಬದಲಾಗುತ್ತದೆ, ಮಣ್ಣಿನೊಡನೆ ಬೆಳೆಯೂ ಊಟವೂ ಬದಲಾಗುತ್ತವೆ, ಕೊನೆಗೆ ಕಟ್ಟಡಗಳ ರೂಪವೇ ಬೇರೆಯಾಗುತ್ತದೆ. ಕಾರಿನ ಗಾಜಿನ ಹಿಂದೆ ಕುಳಿತವರಿಗೆ ಇದು ಕಣ್ಣಿಗಷ್ಟೇ ಕಂಡೀತು. ಗಂಟೆಗೆ ಐವತ್ತು ಕಿಲೋಮೀಟರ್ ವೇಗದಲ್ಲಿ ಬೈಕ್ ಓಡಿಸುವವನಿಗೆ ಚಕ್ರದ ಕೆಳಗೂ ಮೂಗಿಗೂ ತಿಳಿಯುತ್ತದೆ.

ಹಿಂದಿನ ದಿನ ನಾನು ಹಂಪಿಯಿಂದ ಕುಷ್ಟಗಿ, ಗಜೇಂದ್ರಗಡದ ಮೇಲೆ ಬಾದಾಮಿಗೆ ಬಂದಿದ್ದೆ. ಹಂಪಿಯದು ಗ್ರಾನೈಟ್ ನೆಲ. ಸುಮಾರು 250 ಕೋಟಿ ವರ್ಷ ಹಳೆಯದಾದ ಆ ಶಿಲೆ ಬಿಸಿಲಿಗೂ ಮಳೆಗೂ ಸವೆದು ದುಂಡು ಬಂಡೆಗಳಾಗಿ ಒಂದರ ಮೇಲೊಂದು ನಿಂತಿದೆ. ಗಜೇಂದ್ರಗಡ ಹತ್ತಿರವಾಗುತ್ತಿದ್ದಂತೆ ದುಂಡು ಬಂಡೆಗಳು ಮಾಯವಾಗಿ, ತಲೆ ಚಪ್ಪಟೆಯಾದ, ಬದಿಗಳು ನೇರವಾಗಿ ಕಡಿದಂತಿರುವ ಗುಡ್ಡಗಳು ಎದುರಾದವು. ಇದು ಮರಳುಗಲ್ಲು. ಎಂದೋ ನೀರು ಹೊತ್ತು ತಂದು ಹಾಸಿದ ಮರಳು ಪದರು ಪದರಾಗಿ ಗಟ್ಟಿಯಾಗಿ ಆದ ಕಲ್ಲು. ಹಂಪಿಯ ಗ್ರಾನೈಟಿಗಿಂತ ಕಿರಿಯದು, ವಿಜಯಪುರದ ಕರಿಕಲ್ಲಿಗಿಂತ ಬಹಳ ಹಿರಿಯದು. ಸಂಜೆ ಬಾದಾಮಿಯ ಗುಹೆಗಳ ಪಕ್ಕದಲ್ಲಿ ನಿಂತು ನೋಡಿದಾಗ, ಹರಿಯುವ ನೀರು ಮರಳಿನಲ್ಲಿ ಬರೆದ ಓರೆ ಗೆರೆಗಳು ಗೋಡೆಯಂಥ ಬೆಟ್ಟದ ಮೈಮೇಲೆ ಇನ್ನೂ ಸ್ಪಷ್ಟವಾಗಿದ್ದವು.

ಬೆಳಿಗ್ಗೆ ಆರಕ್ಕೆ ಎದ್ದು ಲಾಡ್ಜಿನ ಅಂಗಳದಲ್ಲಿ ಗಾಡಿಯ ಕೆಲಸ ಮುಗಿಸಿದೆ. ನನ್ನದು 350 ಸಿಸಿಯ ಬುಲೆಟ್. ದಿನವೂ ಹೊರಡುವ ಮುನ್ನ ಚೈನನ್ನು ಒರೆಸಿ ಎಣ್ಣೆ ಬಿಡುವುದು, ಎರಡೂ ಟೈರುಗಳ ಗಾಳಿ ನೋಡುವುದು, ಕ್ಲಚ್ ಮತ್ತು ಬ್ರೇಕಿನ ಕೇಬಲ್ಲುಗಳನ್ನು ಎಳೆದು ಪರೀಕ್ಷಿಸುವುದು, ಸಾಮಾನಿನ ಚೀಲಗಳ ಪಟ್ಟಿಯನ್ನು ಮತ್ತೊಮ್ಮೆ ಬಿಗಿಯುವುದು: ಇಷ್ಟಕ್ಕೆ ಅರ್ಧ ಗಂಟೆ ಬೇಕು. ಒಬ್ಬನೇ ಹೋಗುವವನು ಈ ಅರ್ಧ ಗಂಟೆಯನ್ನು ಎಂದೂ ಉಳಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ದಾರಿಯಲ್ಲಿ ಏನಾದರೂ ಸಡಿಲಾದರೆ ಹಿಂದಿನಿಂದ ನೋಡಿ ಕೂಗಿ ಹೇಳುವ ಜೊತೆಗಾರ ಇರುವುದಿಲ್ಲ. ಬಸ್ ನಿಲ್ದಾಣದ ಬಳಿ ಚುರುಮುರಿ ಒಗ್ಗರಣೆ, ಬಿಸಿ ಮಿರ್ಚಿ ಮತ್ತು ಚಹಾ ಮುಗಿಸಿ ಪಟ್ಟದಕಲ್ಲಿನ ದಾರಿ ಹಿಡಿದಾಗ ಏಳು ಗಂಟೆ. ಚಳಿ ಇತ್ತು, ಕೈಗವಸು ಹಾಕಿಕೊಂಡಿದ್ದರೂ ಬೆರಳ ತುದಿ ಮರಗಟ್ಟುತ್ತಿತ್ತು.

ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್. ನಡುವೆ ನಂದಿಕೇಶ್ವರ ಎಂಬ ಊರು ಸಿಗುತ್ತದೆ. ಬಾದಾಮಿಯ ಮೂರನೆಯ ಗುಹೆಯನ್ನು ಶಕ ವರ್ಷ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಚಾಲುಕ್ಯ ವಂಶದ ಮಂಗಲೇಶನು ವಿಷ್ಣುವಿಗಾಗಿ ಪೂರ್ಣಗೊಳಿಸಿದನು. ಆ ಗುಹೆಯ ಬಳಿ ಇರುವ ಅವನದೇ ಕನ್ನಡ ಶಾಸನ ಲಂಜಿಗೇಸರ ಎಂಬ ಊರನ್ನು ದೇವರಿಗೆ ಬಿಟ್ಟದ್ದನ್ನೂ, ಮಾಲೆ ಕಟ್ಟುವವರಿಗೆ ಸಲ್ಲುವ ಪಾಲನ್ನೂ ಹೇಳುತ್ತದೆ. ಆ ಲಂಜಿಗೇಸರವೇ ಈಗಿನ ನಂದಿಕೇಶ್ವರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹದಿನಾಲ್ಕು ಶತಮಾನಗಳ ಹಿಂದೆ ದೇವರ ಹೂವಿಗೆಂದು ಬಿಟ್ಟ ಊರಿನ ನಡುಬೀದಿಯಲ್ಲಿ ನಾನು ಹಾದುಹೋಗುವಾಗ, ಎತ್ತುಗಳ ಕೋಡಿಗೆ ಬಣ್ಣ ಬಳಿಯುತ್ತಿದ್ದ ಹುಡುಗರು ಕೈ ಬೀಸಿದರು. ಎತ್ತುಗಳಿಗೆ ಆ ಹೊತ್ತಿನಲ್ಲಿ ಏಕೆ ಸಿಂಗಾರ ಎಂದು ಆಗ ನನಗೆ ಹೊಳೆಯಲಿಲ್ಲ.

ಈ ದಾರಿಯ ಮಣ್ಣು ಕೆಂಪು, ಮರಳು ಮಿಶ್ರಿತ. ಈ ಭಾಗದವರು ಇಂಥ ಹೊಲವನ್ನು ಮಸಾರಿ ಎನ್ನುತ್ತಾರೆ. ಮಳೆಗಾಲದಲ್ಲಿ ಸಜ್ಜೆ, ಶೇಂಗಾ ಬೆಳೆದು, ಚಳಿಗಾಲಕ್ಕೆ ನೀರಾವರಿ ಇಲ್ಲದಿದ್ದರೆ ಬರಿದಾಗುವ ನೆಲ ಇದು. ರಸ್ತೆ ಗಟ್ಟಿಯಾಗಿ, ಸಮವಾಗಿ ಇತ್ತು. ಅಡಿಯಲ್ಲಿ ಕಲ್ಲು ಹತ್ತಿರವೇ ಇರುವುದರಿಂದ ಡಾಂಬರು ಕುಸಿಯುವುದಿಲ್ಲ. ಈ ಮಾತನ್ನು ಇಲ್ಲಿ ಹೇಳಿಡುವುದಕ್ಕೆ ಕಾರಣವಿದೆ, ಮಧ್ಯಾಹ್ನ ಅದರ ತದ್ವಿರುದ್ಧವನ್ನು ಕಂಡೆ.

ಪಟ್ಟದಕಲ್ಲಿನಲ್ಲಿ ಎರಡು ಗಂಟೆ ಇದ್ದೆ. 1987ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಮನ್ನಣೆ ಪಡೆದ ಈ ದೇವಾಲಯ ಸಮೂಹ ಮಲಪ್ರಭೆಯ ದಂಡೆಯಲ್ಲಿದೆ. ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಈ ನದಿ ಇಲ್ಲಿ ಉತ್ತರಕ್ಕೆ ತಿರುಗುತ್ತದೆ. ಉತ್ತರವಾಹಿನಿಯಾದ ನದಿಯ ದಂಡೆ ಪುಣ್ಯಕ್ಷೇತ್ರವೆಂಬ ನಂಬಿಕೆಯಿಂದಲೇ ಚಾಲುಕ್ಯ ಅರಸರು ಪಟ್ಟಾಭಿಷೇಕಕ್ಕೆ ಈ ಜಾಗವನ್ನು ಆರಿಸಿಕೊಂಡರೆಂದು ಹೇಳುತ್ತಾರೆ. ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಮೂರು ಬಾರಿ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಇಂದಿನ ವಿರೂಪಾಕ್ಷ ದೇವಾಲಯ. ಅದೇ ವಿಕ್ರಮಾದಿತ್ಯನ ಕನ್ನಡ ಶಾಸನವೊಂದು ಕಂಚಿಯ ಕೈಲಾಸನಾಥ ದೇವಾಲಯದಲ್ಲಿದೆ. ಗೆದ್ದ ಊರಿನ ದೇವರ ಸಂಪತ್ತನ್ನು ಕಂಡು, ಅದನ್ನು ದೋಚದೆ ದೇವರಿಗೇ ಮರಳಿಸಿದನೆಂದು ಅದು ಹೇಳುತ್ತದೆ. ಯುದ್ಧದ ಗೆಲುವನ್ನು ಹೀಗೆ ನೆನೆಯುವ ಶಾಸನಗಳು ನಮ್ಮಲ್ಲಿ ಹೆಚ್ಚಿಲ್ಲ. ನನಗೆ ಪಟ್ಟದಕಲ್ಲು ಪ್ರಿಯವಾಗಿರುವುದಕ್ಕೆ ಶಿಲ್ಪದಷ್ಟೇ ಇದೂ ಕಾರಣ.

ಶಿಲ್ಪಿಯ ಹೆಸರನ್ನು ಉಳಿಸಿಕೊಂಡಿರುವುದು ಇನ್ನೊಂದು ಕಾರಣ. ವಿರೂಪಾಕ್ಷ ದೇವಾಲಯವನ್ನು ಕಟ್ಟಿದವನು ಗುಂಡ ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟ ಸಂಗತಿಯನ್ನು ದೇವಾಲಯದ ಶಾಸನವೇ ದಾಖಲಿಸಿದೆ. ಅವನು ಕೈಗೆತ್ತಿಕೊಂಡ ಕಲ್ಲು ಊರಿನ ಆಸುಪಾಸಿನ ಗುಡ್ಡಗಳದೇ. ಪದರು ಪದರಾದ ಮರಳುಗಲ್ಲು ಹಾಸುಗಳಾಗಿ ಸೀಳಿ ಬರುತ್ತದೆ, ಆದ್ದರಿಂದ ಛಾವಣಿಗೆ ಉದ್ದನೆಯ ಚಪ್ಪಡಿ ಸಿಗುತ್ತದೆ. ಮರಳಿನ ಕಣ ಸಣ್ಣದಾಗಿರುವುದರಿಂದ ಉಳಿ ಬಯಸಿದ ಕಡೆ ತಿರುಗುತ್ತದೆ. ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಕತೆಗಳನ್ನು ಬೆರಳುದ್ದದ ಬೊಂಬೆಗಳಲ್ಲಿ ಹೇಳಲು ಸಾಧ್ಯವಾದದ್ದು ಈ ಕಲ್ಲಿನ ಗುಣದಿಂದ. ಅದೇ ಗುಣ ಅದರ ದೌರ್ಬಲ್ಯವೂ ಹೌದು: ಹೊರಗೋಡೆಯ ಕೆಲವು ಮೂರ್ತಿಗಳ ಮುಖ ಪದರು ಕಳಚಿ ಮಾಸಿಹೋಗಿದೆ. ಎದುರಿನ ಮಂಟಪದ ನಂದಿ ಮಾತ್ರ ಬೇರೆ ಜಾತಿಯ ಕಲ್ಲು. ಕಪ್ಪಾಗಿ ಹೊಳೆಯುವ ಆ ನಂದಿಯ ಸುತ್ತ ಕೆಂಪು ಕಂಬಗಳು ನಿಂತಿರುವುದನ್ನು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಬೇಕು.

ನದಿಯ ಕಡೆಯ ಬಾಗಿಲ ಬಳಿ ಹುಲ್ಲು ಕೊಯ್ಯುತ್ತಿದ್ದ ಹಿರಿಯರೊಬ್ಬರು ನನ್ನ ಹೆಲ್ಮೆಟ್ ನೋಡಿ ಮಾತಿಗೆ ನಿಂತರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಈ ಆವರಣಕ್ಕೆ ನುಗ್ಗಿದ್ದನ್ನು ಅವರು ಕಣ್ಣಾರೆ ಕಂಡವರು. “ಗುಡಿಗಿ ಏನೂ ಆಗ್ಲಿಲ್ರಿ. ನಮ್ಮ ಮನಿ ಗ್ವಾಡಿ ಬಿತ್ತು. ಹಳೀ ಮಂದಿ ಎಷ್ಟು ಎತ್ತರಕ್ಕ ಕಟ್ಟಬೇಕಂತ ತಿಳದು ಕಟ್ಟ್ಯಾರ” ಎಂದರು. ಮಾತು ಮುಗಿಸಿ ಅವರು ತೋರಿಸಿದ ಕಡೆ ನೋಡಿದರೆ, ನದಿ ಆ ದಿನ ಮೊಣಕಾಲುದ್ದದ ನೀರಿನಲ್ಲಿ ಬಂಡೆಗಳ ನಡುವೆ ದಾರಿ ಹುಡುಕುತ್ತ ಹರಿಯುತ್ತಿತ್ತು. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಚಳಿಗಾಲದ ಮಲಪ್ರಭೆ ಇಷ್ಟೇ.

ಐಹೊಳೆಗೆ ಹೋಗುವ ದಾರಿ ಕಿರಿದು. ಅಲ್ಲಿ ನನ್ನ ಮುಂದೆ ಎರಡು ಟ್ರೇಲರುಗಳಲ್ಲಿ ಕಬ್ಬು ತುಂಬಿಕೊಂಡ ಟ್ರ್ಯಾಕ್ಟರುಗಳು ಸಾಲಾಗಿ ಹೊರಟಿದ್ದವು. ಬಾಗಲಕೋಟೆ ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳು ಬಹಳ. ಡಿಸೆಂಬರಿನಲ್ಲಿ ಕಬ್ಬು ನುರಿಸುವ ಕೆಲಸ ಭರದಲ್ಲಿರುತ್ತದೆ. ಚಾಲಕ ದೊಡ್ಡ ದನಿಯಲ್ಲಿ ಹಾಡು ಹಾಕಿಕೊಂಡಿರುವುದರಿಂದ ಹಾರ್ನ್ ಕೇಳಿಸುವುದಿಲ್ಲ, ಹಿಂದಿನ ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡುತ್ತದೆ, ಕಬ್ಬಿನ ಜಲ್ಲೆಗಳು ಪಕ್ಕಕ್ಕೆ ಚಾಚಿಕೊಂಡಿರುತ್ತವೆ. ಅವನ ಕನ್ನಡಿಯಲ್ಲಿ ನನ್ನ ಮುಖ ಕಾಣುವವರೆಗೂ ಹಿಂದೆಯೇ ಇದ್ದು, ಅವನು ಕೈ ಬೀಸಿದ ಮೇಲೆ ಮಾತ್ರ ಮುಂದೆ ಹೋದೆ. ಇನ್ನೂ ಸ್ವಲ್ಪ ಮುಂದೆ ರಸ್ತೆಯ ಮೇಲೆ ತೊಗರಿಯ ಕಟ್ಟಿಗೆಯನ್ನು ಹರಡಿದ್ದರು. ವಾಹನಗಳ ಚಕ್ರವೇ ಕಾಳು ಬಿಡಿಸಲಿ ಎಂಬ ಈ ಒಕ್ಕಣೆ ದ್ವಿಚಕ್ರದವರಿಗೆ ಅಪಾಯದ್ದು. ಒಣ ಹೊಟ್ಟಿನ ಮೇಲೆ ಟೈರಿಗೆ ಹಿಡಿತ ಸಿಗುವುದಿಲ್ಲ. ಬ್ರೇಕ್ ಮುಟ್ಟದೆ, ಎರಡನೆಯ ಗೇರಿನಲ್ಲಿ, ಹ್ಯಾಂಡಲನ್ನು ನೆಟ್ಟಗಿಟ್ಟು ದಾಟಬೇಕು, ಕಾದ ಸೈಲೆನ್ಸರ್ ಒಣಹುಲ್ಲಿಗೆ ತಾಗುವಂತೆ ಅದರ ಮೇಲೆ ಗಾಡಿ ನಿಲ್ಲಿಸಲೇಬಾರದು. ರೈತರಿಗೆ ಕಣ ಮಾಡಲು ಜಾಗವೂ ಆಳೂ ಇಲ್ಲದೆ ಬಂದ ಪದ್ಧತಿ ಇದು ಎಂಬುದು ನನಗೆ ಗೊತ್ತು. ಊರಿಗೊಂದು ಸಾರ್ವಜನಿಕ ಕಣವನ್ನು ಕಟ್ಟಿಸಿಕೊಟ್ಟರೆ ಇಬ್ಬರಿಗೂ ಉಪಕಾರವಾಗುತ್ತದೆ.

ಐಹೊಳೆಯಲ್ಲಿ ದುರ್ಗದ ಗುಡಿ, ಲಾಡಖಾನ ಗುಡಿಗಳನ್ನು ಹಿಂದೆ ನೋಡಿದ್ದರಿಂದ ಈ ಸಲ ನೇರವಾಗಿ ಮೇಗುಟಿಯ ಗುಡ್ಡ ಹತ್ತಿದೆ. ಕ್ರಿ.ಶ. 634ರಲ್ಲಿ ರವಿಕೀರ್ತಿ ಕಟ್ಟಿಸಿದ ಜಿನಾಲಯ ಅಲ್ಲಿದೆ. ಅದರ ಪೂರ್ವದ ಗೋಡೆಯಲ್ಲಿರುವ ಅವನ ಸಂಸ್ಕೃತ ಪ್ರಶಸ್ತಿ, ಎಂದರೆ ಅರಸನನ್ನು ಹೊಗಳುವ ಶಾಸನ, ಎರಡನೆಯ ಪುಲಕೇಶಿಯು ಹರ್ಷನನ್ನು ಸೋಲಿಸಿದ್ದನ್ನು ಹೇಳುತ್ತದೆ, ಕಾಳಿದಾಸ ಮತ್ತು ಭಾರವಿಯರ ಹೆಸರೆತ್ತುತ್ತದೆ, ತನ್ನ ಕಾಲವನ್ನು ಶಕವರ್ಷದಿಂದಷ್ಟೇ ಅಲ್ಲದೆ ಭಾರತ ಯುದ್ಧದಿಂದಲೂ ಎಣಿಸಿ ತಿಳಿಸುತ್ತದೆ. ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಕಾಳಿದಾಸನ ಕಾಲದ ಚರ್ಚೆ ಬಂದಾಗಲೆಲ್ಲ ಈ ಗೋಡೆಯ ಬಳಿಗೆ ಬರಲೇಬೇಕು. ದೇವಾಲಯದ ಹಿಂದೆ, ಅದೇ ಗುಡ್ಡದ ಮೇಲೆ, ಚಪ್ಪಡಿಗಳನ್ನು ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಬೃಹತ್ ಶಿಲಾ ಸಂಸ್ಕೃತಿಯ ಗೋರಿಗಳಿವೆ. ಚಾಲುಕ್ಯರಿಗಿಂತ ಎಷ್ಟೋ ಮೊದಲು ಇಲ್ಲಿದ್ದವರು ಈ ಕಲ್ಲು ಹಾಸಾಗಿ ಸೀಳುತ್ತದೆ ಎಂಬುದನ್ನು ತಿಳಿದಿದ್ದರು. ಸತ್ತವರಿಗೆ ಮನೆ ಕಟ್ಟಿದ ಅದೇ ಕೌಶಲ ಮುಂದೆ ದೇವರ ಮನೆಗೆ ಬಂತೆಂದು ಪ್ರಮಾಣವಿಟ್ಟು ಹೇಳಲಾಗದು, ಆದರೆ ಗೋರಿಯ ಪಕ್ಕದಲ್ಲಿ ನಿಂತು ಲಾಡಖಾನ ಗುಡಿಯ ಛಾವಣಿಯ ಹಾಸುಗಲ್ಲುಗಳನ್ನು ನೆನೆದಾಗ ಆ ಆಲೋಚನೆಯನ್ನು ತಡೆಯುವುದು ಕಷ್ಟ.

ಅಮೀನಗಡದಲ್ಲಿ ಕರದಂಟು ಕೊಂಡೆ. ಗೋಕಾಕದ್ದು ಹೆಚ್ಚೋ ಅಮೀನಗಡದ್ದು ಹೆಚ್ಚೋ ಎಂಬ ವಾದಕ್ಕೆ ನಾನು ಹೋಗುವುದಿಲ್ಲ. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ ಸೇರಿದ ಈ ಸಿಹಿ ಬೈಕ್ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಕೆಡುವುದಿಲ್ಲ, ಒಂದು ತುಂಡು ತಿಂದರೆ ಎರಡು ಗಂಟೆ ಹಸಿವಾಗುವುದಿಲ್ಲ. ಹುನಗುಂದದ ಆಚೆ ರಾಷ್ಟ್ರೀಯ ಹೆದ್ದಾರಿ 50 ಸಿಕ್ಕಿತು. ಇಳಕಲ್ಲಿನ ಕಡೆಯಿಂದ ಕೆಂಪು ಗ್ರಾನೈಟಿನ ದೊಡ್ಡ ದೊಡ್ಡ ದಿಮ್ಮಿಗಳನ್ನು ಸರಪಳಿಯಿಂದ ಬಿಗಿದುಕೊಂಡ ಲಾರಿಗಳು ಬರುತ್ತಿದ್ದವು. ಸೀರೆಗೆ ಹೆಸರಾದ ಇಳಕಲ್ಲು ಗ್ರಾನೈಟಿಗೂ ಅಷ್ಟೇ ಹೆಸರಾಗಿದೆ. ಅಗಲವಾದ ಹೆದ್ದಾರಿಯಲ್ಲಿ ಕಣ್ಣಿಗೆ ಹೆಚ್ಚೇನೂ ಕೆಲಸವಿರಲಿಲ್ಲ. ಕೂಡಲಸಂಗಮದ ಕಮಾನು ಬರುವವರೆಗೆ ಒಂದೇ ವೇಗದಲ್ಲಿ ಹೋದೆ.

ಅಮಾವಾಸ್ಯೆಯಾದ್ದರಿಂದ ಕೂಡಲಸಂಗಮದಲ್ಲಿ ಜನ ಕಿಕ್ಕಿರಿದಿದ್ದರು. ಸಂಗಮನಾಥನ ಹಳೆಯ ಗುಡಿ ಚಾಲುಕ್ಯ ಶೈಲಿಯದು. ಮುಂದೆ ಮಲಪ್ರಭೆ ಬಂದು ಕೃಷ್ಣೆಯನ್ನು ಸೇರುತ್ತಾಳೆ. ಬೆಳಿಗ್ಗೆ ಪಟ್ಟದಕಲ್ಲಿನಲ್ಲಿ ಮೊಣಕಾಲುದ್ದ ಕಂಡ ನದಿ ಇಲ್ಲಿ ನಾರಾಯಣಪುರದ ಬಸವಸಾಗರದ ಹಿನ್ನೀರಿನಲ್ಲಿ ಸೇರಿ, ಎರಡು ನದಿಗಳ ಗೆರೆಯೇ ತಿಳಿಯದಂತೆ ಹರಡಿ ನಿಂತಿತ್ತು. ಹನ್ನೆರಡನೆಯ ಶತಮಾನದಲ್ಲಿ ಹುಡುಗನಾಗಿದ್ದ ಬಸವಣ್ಣನವರು ಕಲಿಯಲು ಬಂದದ್ದು ಇಲ್ಲಿಗೆ, ಕಲ್ಯಾಣದ ಕ್ರಾಂತಿಯ ಅನಂತರ ಮರಳಿ ಬಂದು ಐಕ್ಯರಾದದ್ದೂ ಇಲ್ಲಿಯೇ. ಐಕ್ಯಸ್ಥಳ ಹಿನ್ನೀರಿನಲ್ಲಿ ಮುಳುಗಬಾರದೆಂದು ಅದರ ಸುತ್ತ ಎತ್ತರದ ಗೋಡೆ ಎತ್ತಿ, ಮೆಟ್ಟಿಲಿಳಿದು ಹೋಗುವಂತೆ ಮಾಡಿದ್ದಾರೆ. ಗೋಡೆಯ ಹೊರಗೆ ತಲೆಯ ಮಟ್ಟಕ್ಕಿಂತ ಮೇಲೆ ನೀರಿದೆ ಎಂಬ ಅರಿವಿನಲ್ಲಿ ಕೆಳಗೆ ನಿಂತಾಗ, ಸುತ್ತಲಿನ ಗದ್ದಲದ ನಡುವೆಯೂ ಮನಸ್ಸು ಒಂದೆಡೆ ನಿಲ್ಲುತ್ತದೆ. ನಾನು ಅಲ್ಲಿ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಹೊತ್ತು ಇದ್ದೆ.

ಸಂಗಮದಿಂದ ಮತ್ತೆ ಹೆದ್ದಾರಿಗೆ ಬಂದು ಕೃಷ್ಣೆಯ ಸೇತುವೆ ದಾಟಿದೆ. ನದಿಯ ಮೇಲ್ಭಾಗದಲ್ಲಿ ಆಲಮಟ್ಟಿ ಇದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆ ಅಣೆಕಟ್ಟೆಗೆ ಅವರದೇ ಹೆಸರಿದೆ. ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸುತ್ತಾರೆ, 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಹೆದ್ದಾರಿಯ ಪಕ್ಕದ ಚಹಾದಂಗಡಿಯಲ್ಲಿ ಕುಳಿತವರ ಮಾತಿನಲ್ಲಿ ಮುಳುಗಡೆ ಎಂಬುದು ಕಾಲವನ್ನು ಗುರುತಿಸುವ ಪದವಾಗಿಬಿಟ್ಟಿದೆ: ಮದುವೆ ಮುಳುಗಡೆಗೆ ಮೊದಲು, ಮನೆ ಕಟ್ಟಿದ್ದು ಮುಳುಗಡೆಯ ಮೇಲೆ. ಹಳೆಯ ಬಾಗಲಕೋಟೆಯ ಬಹುಭಾಗ, ಅನೇಕ ಹಳ್ಳಿಗಳು, ನದಿಯ ಅಂಚಿನ ಅತ್ಯುತ್ತಮ ಎರೆ ಹೊಲಗಳು ಈ ನೀರಿನಡಿ ಹೋಗಿವೆ. ವಿಜಯಪುರದ ಬರದ ನಾಡಿಗೆ ಕಾಲುವೆ ಹರಿದದ್ದು ಆ ತ್ಯಾಗದಿಂದ. ಎರಡನ್ನೂ ಕಂಡ ಮೇಲೆ ಒಂದನ್ನು ಮಾತ್ರ ಹೇಳುವುದು ನ್ಯಾಯವಲ್ಲ.

ನಿಡಗುಂದಿ ದಾಟಿದೊಡನೆ ನೆಲದ ಬಣ್ಣ ಬದಲಾಯಿತು. ಮೊದಲು ರಸ್ತೆಯಂಚಿನ ಗರಸಿನಲ್ಲಿ, ಆಮೇಲೆ ಹೊಲಗಳಲ್ಲಿ, ಕೆಂಪು ಕರಗಿ ಬೂದಾಗಿ, ಬೂದು ಕಪ್ಪಾಯಿತು. ಇಲ್ಲಿಂದ ಮುಂದೆ ದಖ್ಖನಿನ ಲಾವಾ ನಾಡು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಅಲೆ ಅಲೆಯಾಗಿ ಹರಿದ ಲಾವಾ ತಣಿದು ಕರಿಕಲ್ಲಾಯಿತು. ಆ ಬಸಾಲ್ಟ್ ಶಿಲೆ ಶಿಥಿಲಗೊಂಡು ಎರೆ ಮಣ್ಣಾಯಿತು. ಗುಡ್ಡಗಳಿಲ್ಲ, ಬಂಡೆಗಳಿಲ್ಲ, ದಿಗಂತದವರೆಗೆ ಮಟ್ಟಸವಾದ ಬಯಲು. ಎರೆ ಮಣ್ಣು ಮಳೆಯ ನೀರನ್ನು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಉಬ್ಬಿ ಕುಗ್ಗುವ ಈ ನೆಲದ ಮೇಲೆ ಹಾಸಿದ ಡಾಂಬರು ಕಾಲಕ್ರಮದಲ್ಲಿ ಅಲೆಯಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಹೆದ್ದಾರಿ ಬಿಟ್ಟು ಹಳ್ಳಿಯ ದಾರಿಗಿಳಿದ ಕೂಡಲೇ ಅದು ತಿಳಿಯಿತು: ಗುಂಡಿಯೇನೂ ಕಾಣದಿದ್ದರೂ ಗಾಡಿ ದೋಣಿಯಂತೆ ಏರಿ ಇಳಿಯುತ್ತಿತ್ತು. ಬೆಳಿಗ್ಗೆಯ ಮಸಾರಿ ನೆಲದ ರಸ್ತೆಯಲ್ಲಿ ಹೀಗಿರಲಿಲ್ಲ. ಮುಂದಿನ ಚಕ್ರವನ್ನು ರಸ್ತೆಯ ನಡುವಿಗೆ ತಂದು, ವೇಗವನ್ನು ನಲವತ್ತಕ್ಕೆ ಇಳಿಸಿದೆ.

ಎರೆ ಮಣ್ಣು ಹಿಂಗಾರಿನಲ್ಲಿ ಕೊಡುವುದನ್ನು ಬೇರೆ ಮಣ್ಣು ಕೊಡಲಾರದು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತಿದ ಬಿಳಿಜೋಳ, ಮುಂದೆ ಮಳೆ ಬಾರದಿದ್ದರೂ ಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆದು, ಡಿಸೆಂಬರಿಗೆ ಆಳೆತ್ತರವಾಗಿ ತೆನೆ ಹೊರಡಿಸುತ್ತದೆ. ನಡುನಡುವೆ ಕಡಲೆ, ಕುಸುಬೆಯ ಸಾಲು. ಈ ಹಸಿರಿನೊಳಗೆ ಅಂದು ನಾನು ಕಂಡದ್ದು ಜನ, ಎಲ್ಲೆಲ್ಲೂ ಜನ. ಸಿಂಗರಿಸಿದ ಎತ್ತಿನ ಬಂಡಿಗಳು, ಟ್ರ್ಯಾಕ್ಟರುಗಳು, ಬೈಕುಗಳು ಬದುವಿನ ಪಕ್ಕ ನಿಂತಿದ್ದವು. ಇಳಕಲ್ ಸೀರೆಯುಟ್ಟ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಸಾಲಾಗಿ ಹೊಲದೊಳಗೆ ಹೋಗುತ್ತಿದ್ದರು. ನಂದಿಕೇಶ್ವರದ ಎತ್ತುಗಳ ಕೋಡಿನ ಬಣ್ಣ ಆಗ ಅರ್ಥವಾಯಿತು. ಅಂದು ಎಳ್ಳಮಾವಾಸ್ಯೆ.

ಚಿತ್ರ ತೆಗೆಯಲೆಂದು ಗಾಡಿ ನಿಲ್ಲಿಸಿ ಬದುವಿನ ಮೇಲೆ ನಿಂತಿದ್ದೆ. ಬನ್ನಿ ಗಿಡದ ಕೆಳಗಿನಿಂದ ವಯಸ್ಸಾದ ತಾಯಿಯೊಬ್ಬರು ಕೈ ಮಾಡಿ ಕರೆದರು.

“ಯಾವೂರಪಾ ತಮ್ಮಾ?”

“ಮೈಸೂರವ್ವಾ.”

“ಮೈಸೂರಿಂದ ಗಾಡಿ ಮ್ಯಾಲ ಒಬ್ಬನ ಬಂದೀಯೇನು? ಬಾ, ಊಟಾ ಮಾಡು ಬಾ. ಇವತ್ತ ಹೊಲದ ದಾರ್ಯಾಗ ಬಂದಾವ್ರನ್ನ ಉಪಾಸ ಕಳಸಬಾರದು.”

ಅವರ ಮಗ, ಸೊಸೆ, ಮೊಮ್ಮಕ್ಕಳು, ಬೀಗರು ಸೇರಿ ಇಪ್ಪತ್ತು ಜನರಿದ್ದಿರಬಹುದು. ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಕುಂಕುಮ ಹಚ್ಚಿ, ಪಾಂಡವರೆಂದು ಪೂಜಿಸಿದ್ದರು. ಮಗ ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಚರಗ ಚೆಲ್ಲುವುದನ್ನು ತೋರಿಸಿದರು. ಮನೆಯಿಂದ ತಂದ ಅಡುಗೆಯಲ್ಲಿ ಎಲ್ಲದರಿಂದ ಸ್ವಲ್ಪ ಸ್ವಲ್ಪ ತೆಗೆದು ಕಲಸಿ, ಹೊಲದ ನಾಲ್ಕೂ ದಿಕ್ಕಿಗೆ ಬೆಳೆಯ ಮೇಲೆ ಎರಚುತ್ತ, ಹಿಂದಿನಿಂದ ಒಬ್ಬರು ನೀರು ಚಿಮುಕಿಸುತ್ತ ಹೋಗುವ ಪದ್ಧತಿ ಇದು. ತೆನೆ ಕಟ್ಟುವ ಹೊತ್ತಿನ ಬೆಳೆಯನ್ನು ಹೊತ್ತ ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸುವುದು ಈ ಹಬ್ಬ ಎಂದು ಅವರು ವಿವರಿಸಿದರು. ಕೈಯಲ್ಲಿ ಒಂದು ಹಿಡಿ ಕೊಟ್ಟು ನನಗೂ ಎರಚಲು ಹೇಳಿದರು. ಎರಚಿದೆ. ಪರಊರಿನವನೊಬ್ಬನನ್ನು ತಮ್ಮ ಭೂಮಿಯ ಪೂಜೆಗೆ ಅಷ್ಟು ಸಹಜವಾಗಿ ಸೇರಿಸಿಕೊಂಡ ಆ ಮನೆಯವರ ದೊಡ್ಡತನ ನನ್ನನ್ನು ಬಹಳ ತಟ್ಟಿತು.

ಊಟಕ್ಕೆ ಎಳ್ಳು ಹಚ್ಚಿದ ಕಟಕಟೆನ್ನುವ ಸಜ್ಜೆ ರೊಟ್ಟಿ, ಬಿಳಿಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಗಟ್ಟಿ ಮೊಸರು, ಶೇಂಗಾದ ಹೋಳಿಗೆ, ಮಾದೇಲಿ. ರೊಟ್ಟಿಯ ಜೋಳ ಹೋದ ವರ್ಷ ಇದೇ ಹೊಲದಲ್ಲಿ ಬೆಳೆದ ಮಾಲದಂಡಿ ತಳಿಯದಂತೆ. ಹಂಪಿಯ ಕಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತದ ಅನ್ನ ತಿಂದು ಹೊರಟವನಿಗೆ, ಕಲ್ಲು ಬದಲಾದಂತೆ ತಟ್ಟೆಯೂ ಬದಲಾದದ್ದು ಆ ಬನ್ನಿಯ ನೆರಳಿನಲ್ಲಿ ಅನುಭವಕ್ಕೆ ಬಂತು. ಹೊರಡುವಾಗ ಅವ್ವ ನಾಲ್ಕು ಸಜ್ಜೆ ರೊಟ್ಟಿ, ಚಟ್ನಿಪುಡಿಯನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟರು. ನಾನು ಅಮೀನಗಡದ ಕರದಂಟಿನ ಪೊಟ್ಟಣವನ್ನು ಮಕ್ಕಳ ಕೈಗಿತ್ತೆ. “ಹಗೂರಕ ಹೋಗಪಾ, ಮನ್ಯಾಗ ನಿಮ್ಮವ್ವ ಕಾಯ್ತಿರ್ತಾಳ” ಎಂದರು.

ಬಸವನ ಬಾಗೇವಾಡಿಗೆ ಬಲಕ್ಕೆ ತಿರುಗುವ ದಾರಿ ಕಂಡಾಗ ಮನಸ್ಸು ಆ ಕಡೆ ಎಳೆಯಿತು. ಬಸವಣ್ಣನವರ ಐಕ್ಯಸ್ಥಳವನ್ನು ಅದೇ ಮಧ್ಯಾಹ್ನ ನೋಡಿದವನಿಗೆ ಅವರ ಹುಟ್ಟೂರು ಇಷ್ಟು ಹತ್ತಿರದಲ್ಲಿತ್ತು. ಆದರೆ ಗಂಟೆ ಮೂರೂವರೆ ಆಗಿತ್ತು, ಗೋಳಗುಮ್ಮಟವನ್ನು ಸಂಜೆ ಆರಕ್ಕೆ ಮುಚ್ಚುತ್ತಾರೆ, ಕತ್ತಲಾದ ಮೇಲೆ ಓಡಿಸುವುದಿಲ್ಲ ಎಂಬ ನಿಯಮವನ್ನು ಈ ಪ್ರವಾಸದುದ್ದಕ್ಕೂ ಪಾಲಿಸಿದ್ದೆ. ಮನಗೂಳಿ ದಾಟಿ ಸ್ವಲ್ಪ ಹೊತ್ತಿಗೆ, ಬಯಲಿನ ಆಚೆ ತುದಿಯಲ್ಲಿ ಗುಮ್ಮಟ ಕಾಣಿಸಿತು. ಬಾದಾಮಿಯನ್ನು ಸಮೀಪಿಸುವವರಿಗೆ ಊರು ಬೆಟ್ಟದ ಸಂದಿಯಲ್ಲಿ ಅಡಗಿ ಕೊನೆಯವರೆಗೂ ಕಾಣುವುದಿಲ್ಲ; ಇಲ್ಲಿ ಮೈಲುಗಟ್ಟಲೆ ದೂರದಿಂದಲೇ ಕಾಣುತ್ತದೆ. ಕಲ್ಲು ತಾನೇ ಎತ್ತರವಾಗಿ ನಿಂತ ಊರಿನಲ್ಲಿ ಚಾಲುಕ್ಯರು ಬೆಟ್ಟದೊಳಗೆ ಕೊರೆದರು. ಗುಡ್ಡವೇ ಇಲ್ಲದ ಈ ಬಯಲಿನಲ್ಲಿ ಆದಿಲಶಾಹಿಗಳು ಎತ್ತರವನ್ನು ತಾವೇ ಕಟ್ಟಬೇಕಾಯಿತು.

ಮುಹಮ್ಮದ್ ಆದಿಲಶಾಹನ ಗೋರಿಯಾದ ಗೋಳಗುಮ್ಮಟದ ಒಳಗೆ ಕಂಬ ಒಂದೂ ಇಲ್ಲ. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಒಳಗಿನದು ಸುಮಾರು 38 ಮೀಟರ್. ಗೋಡೆಗಳು ಮೂರು ಮೀಟರ್ ದಪ್ಪದ ಕರಿಕಲ್ಲಿನವು. ಮೇಲಿನ ಗುಮ್ಮಟ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಪಟ್ಟದಕಲ್ಲಿನ ಮರಳುಗಲ್ಲಿನಂತೆ ಈ ಬಸಾಲ್ಟ್ ಉದ್ದನೆಯ ಹಾಸುಗಳಾಗಿ ಸೀಳಿ ಬರುವುದಿಲ್ಲ, ಸೂಕ್ಷ್ಮ ಬೊಂಬೆಗಳ ಕೆತ್ತನೆಗೂ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಭಾರ ಹೊರುವುದರಲ್ಲಿ ಅದಕ್ಕೆ ಎಣೆಯಿಲ್ಲ. ನಾಲ್ಕು ಗೋಡೆಗಳ ಚೌಕದ ಮೇಲೆ ದುಂಡು ಗುಮ್ಮಟ ಕೂರಿಸಲು ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಎಂಟು ಕಮಾನುಗಳನ್ನು ಎತ್ತಿದ್ದಾರೆ. ಆ ಕಮಾನುಗಳು ಭಾರವನ್ನು ಒಳಕ್ಕೆ ಎಳೆದು, ಗುಮ್ಮಟ ಹೊರಕ್ಕೆ ತಳ್ಳುವ ಬಲವನ್ನು ಸರಿದೂಗಿಸುತ್ತವೆ. ಮೂಲೆಯ ಗೋಪುರದ ಏಳು ಅಂತಸ್ತಿನ ಕಡಿದಾದ ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಹೋದರೆ ಶಾಲಾ ಮಕ್ಕಳ ದಂಡು ಕೂಗುತ್ತಿತ್ತು, ಪ್ರತಿ ಕೂಗೂ ಹಲವು ಬಾರಿ ತಿರುಗಿ ಬರುತ್ತಿತ್ತು. ಮಕ್ಕಳು ಕೂಗಲಿ. ಆದರೆ ಗೋಡೆಗಳ ಮೇಲೆ ಹೆಸರು ಗೀಚುವ ದೊಡ್ಡವರನ್ನು ಕಂಡಾಗ ಸಂಕಟವಾಗುತ್ತದೆ.

ಗುಮ್ಮಟದ ಮುಂದಿನ ವಸ್ತುಸಂಗ್ರಹಾಲಯಕ್ಕೆ ಹೋಗಲು ಹೊತ್ತು ಮೀರಿತ್ತು. ಮಂಗಲೇಶನ ಮಹಾಕೂಟದ ಶಾಸನಸ್ತಂಭ ಇಲ್ಲಿಗೆ ಬಂದು ನಿಂತಿದೆ. ಬಾದಾಮಿಯ ನೆರೆಯ ಮಹಾಕೂಟದ ಆ ಕೆಂಪು ಕಲ್ಲು ನನ್ನ ದಾರಿಯನ್ನೇ ನನಗಿಂತ ಮೊದಲು ಕ್ರಮಿಸಿತ್ತು. ಅದನ್ನು ನೋಡದೆ ವಿಜಯಪುರ ಬಿಡುವುದಿಲ್ಲವೆಂದು ನಿಶ್ಚಯಿಸಿ, ಸ್ಟೇಷನ್ ರಸ್ತೆಯಲ್ಲಿ ಗಾಡಿಗೆ ನೆರಳಿನ ಜಾಗವಿದ್ದ ಒಂದು ಲಾಡ್ಜ್ ಹಿಡಿದೆ. ಚೈನು ಮತ್ತು ಹಿಂದಿನ ಹಲ್ಲುಚಕ್ರದ ನಡುವೆ ತೊಗರಿಯ ಹೊಟ್ಟು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ, ಸೀಮೆಎಣ್ಣೆಯಲ್ಲಿ ಒರೆಸಿ, ನಕಾಶೆ ಬಿಚ್ಚಿದೆ. ಬೆಳಿಗ್ಗೆ ಸಂಗ್ರಹಾಲಯ ಮತ್ತು ಇಬ್ರಾಹಿಂ ರೋಜಾ, ಆಮೇಲೆ ಸಿಂದಗಿ, ಜೇವರ್ಗಿಯ ಮೇಲೆ ಭೀಮೆಯನ್ನು ದಾಟಿ ಕಲಬುರಗಿ. ಅಲ್ಲಿಂದಾಚೆ ಬೀದರಿನ ಕೋಟೆ ಜಂಬಿಟ್ಟಿಗೆಯದು, ಮತ್ತೆ ಕೆಂಪು. ಅವ್ವ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಎರಡನ್ನು ರಾತ್ರಿಯೂಟಕ್ಕೆ ತಿಂದು, ಉಳಿದೆರಡನ್ನು ಭೀಮೆಯ ದಂಡೆಯಲ್ಲಿ ತಿನ್ನಲೆಂದು ಟ್ಯಾಂಕಿನ ಮೇಲಿನ ಚೀಲದಲ್ಲಿಟ್ಟೆ.